ದೋಣಿಯಲ್ಲಿ ದಾಂಪತ್ಯ

ಸಂಸಾರವನ್ನು ಸಾಗರಕ್ಕೆ ಹೋಲಿಸದ ಕವಿ ನಮ್ಮಲ್ಲಿ ವಿರಳ. ಭವಸಾಗರ, ಭವಾಂಬುಧಿ, ಸಂಸಾರಶರಧಿ ಎಂದು ತರಗತಿಯಲ್ಲಿ ಸಮಾಸ ಬಿಡಿಸಿ ಹೇಳುವಾಗ ಸಮುದ್ರವನ್ನು ಎಂದೂ ಕಾಣದ ಹುಡುಗರು ಕೂಡ ತಿಳಿದವರಂತೆ ತಲೆಯಾಡಿಸುತ್ತಾರೆ. ರೂಪಕವು ಅಷ್ಟೊಂದು ಸವೆದುಹೋಗಿದೆ. ಆ ಸಾಗರದಲ್ಲಿ ಗುರುವೇ ಅಂಬಿಗ, ಭಕ್ತಿಯೇ ಹಡಗು, ಮುಕ್ತಿಯೇ ಆಚೆಯ ದಡ. ಹೆಂಡತಿ ಮಕ್ಕಳು ಮಾತ್ರ ಹಡಗಿನೊಳಗೆ ಇರುವುದಿಲ್ಲ. ಅವರನ್ನು ಸುಳಿಗಳ, ಮೊಸಳೆಗಳ ಸಾಲಿನಲ್ಲಿ ನೀರಿಗೇ ಬಿಟ್ಟಿರುತ್ತಾರೆ. ಹೀಗಿರಲು, ನಿಜವಾದ ಕಡಲಿನ ಮೇಲೆ, ನಿಜವಾದ ಹಾಯಿದೋಣಿಯಲ್ಲಿ ಮನೆ ಹೂಡಿ ವರ್ಷಗಟ್ಟಲೆ ಬಾಳಿದ ದಂಪತಿಗಳ ವೃತ್ತಾಂತಗಳನ್ನು ಓದತೊಡಗಿದಾಗ ನನಗೆ ಉಂಟಾದ ಕೌತುಕವನ್ನು ವಾಚಕರು ಊಹಿಸಬಹುದು.

ಗೋಕಾವಿಯ ಮಾಸ್ತರನಿಗೆ ಸಮುದ್ರದ ಉಸಾಬರಿ ಏಕೆಂದು ಕೇಳುವವರೂ ಇದ್ದಾರು. ಪಡುಗಡಲು ನಮಗೆ ದೂರವೇನಲ್ಲ. ಘಟ್ಟ ಇಳಿದರೆ ಗೋವೆ. ಆದರೆ ನಮ್ಮ ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ, ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ಸಿಕ್ಕು, ಗೋಕಾಕದಲ್ಲಿ ೫೨ ಮೀಟರು ಕೆಳಗೆ ಧುಮುಕಿ, ಮೂಡಲಗಿಯ ಕಡೆಯ ಕಬ್ಬಿನ ಹೊಲಗಳ ಮಗ್ಗುಲಲ್ಲಿ ಹರಿದು, ಕೃಷ್ಣೆಯನ್ನು ಕೂಡಿ ದೂರದ ಮೂಡಗಡಲಿಗೆ ಹೋಗುತ್ತದೆ. ಇಂಥ ನದಿಯಲ್ಲಿ ಹಾಯಿ ಬಿಚ್ಚುವವರಿಲ್ಲ. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಗೋಕಾಕದ ಓಣಿಗಳಿಗೂ ಹೊಳೆದಂಡೆಯ ಹಳ್ಳಿಗಳಿಗೂ ನೀರು ನುಗ್ಗಿದಂದಿನಿಂದ ನಮ್ಮ ಜನರಿಗೆ ದೋಣಿಯೆಂದರೆ ವಿಪತ್ತಿನ ವಾಹನ. ನಮ್ಮೂರಿನ ಹೆಸರನ್ನೇ ಹೊತ್ತ ವಿನಾಯಕ ಕೃಷ್ಣ ಗೋಕಾಕರು ‘ಸಮುದ್ರಗೀತೆಗಳು’ ಸಂಕಲನವನ್ನು ಕನ್ನಡಕ್ಕೆ ಕೊಟ್ಟರು, ನಿಜ. ಆದರೆ ಅವರು ಹುಟ್ಟಿದುದು ಸವಣೂರಿನಲ್ಲಿ. ಇಂಗ್ಲೆಂಡಿಗೆ ಹೋದುದು ಪ್ರಯಾಣಿಕರ ದೊಡ್ಡ ಹಡಗಿನಲ್ಲಿ. ಹಡಗಿನ ಪ್ರಯಾಣಿಕನು ಸಮುದ್ರವನ್ನು ನೋಡುತ್ತಾನೆ. ಸಣ್ಣ ದೋಣಿಯ ಒಡೆಯನು ಸಮುದ್ರದೊಡನೆ ಒಕ್ಕಲುತನ ಮಾಡುತ್ತಾನೆ. ಎರಡೂ ಬೇರೆ.

ಈ ಒಕ್ಕಲುತನಕ್ಕೆ ಪುಸ್ತಕದ ರೂಪ ಕೊಟ್ಟು ಪ್ರಸಿದ್ಧಿಗೆ ತಂದವರಲ್ಲಿ ಇಂಗ್ಲೆಂಡಿನ ಎರಿಕ್ ಮತ್ತು ಸೂಸನ್ ಹಿಸ್ಕಾಕ್ ದಂಪತಿಗಳನ್ನು ಮೊದಲು ನೆನೆಯಬೇಕು. ೧೯೫೨ರಿಂದ ೧೯೫೫ರವರೆಗೆ ಅವರಿಬ್ಬರೇ ‘ವಾಂಡರರ್ ೩’ ಎಂಬ ಹಾಯಿದೋಣಿಯಲ್ಲಿ ಭೂಮಂಡಲವನ್ನು ಸುತ್ತಿಬಂದರು. ದೋಣಿಯ ಉದ್ದ ೩೦ ಅಡಿ. ನಮ್ಮ ಕಾಲೇಜಿನ ಒಂದು ತರಗತಿಯ ಕೋಣೆಗಿಂತ ಹೆಚ್ಚಿಲ್ಲ. ಎರಿಕ್ ಅವರ ಕಣ್ಣುದೃಷ್ಟಿ ಮಂದವಾಗಿತ್ತೆಂಬುದನ್ನು ಇದರ ಜೊತೆಗೆ ನೆನೆದರೆ ಸೂಸನ್ನಳ ಪಾಲು ಎಷ್ಟಿದ್ದೀತೆಂಬುದು ಹೊಳೆಯುತ್ತದೆ. ಮುಂದೆ ಲ್ಯಾರಿ ಮತ್ತು ಲಿನ್ ಪಾರ್ಡಿ ಎಂಬವರು ತಮ್ಮ ಕೈಯಾರೆ ಕಟ್ಟಿದ, ೨೪ ಅಡಿಗಳಿಗಿಂತ ಕೊಂಚವೇ ಉದ್ದವಾದ, ಎಂಜಿನ್ನೇ ಇಲ್ಲದ ದೋಣಿಯಲ್ಲಿ ಹನ್ನೊಂದು ವರ್ಷ ಅಲೆದರು.

ಅಲ್ಲಿಯ ದಿನಚರಿಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಚಿತ್ರಗಳಲ್ಲಿ ಕಾಣುವ ಬಿಳಿಯ ಹಾಯಿ, ನೀಲಿಯ ನೀರು ಇವೆರಡೇ ನಮ್ಮ ಕಣ್ಣಲ್ಲಿ ನಿಂತಿರುತ್ತವೆ. ಇಂಥ ದೋಣಿಯು ಒಳ್ಳೆಯ ಗಾಳಿಯಲ್ಲಿ ದಿನಕ್ಕೆ ಇನ್ನೂರು ಕಿಲೋಮೀಟರು ಸಾಗಿದರೆ ಅದೇ ಹೆಚ್ಚು. ಗಾಳಿಗೆ ನೇರ ಎದುರಾಗಿ ಅದು ಹೋಗಲಾರದು. ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಓರೆಯಾಗಿ, ಘಟ್ಟದ ದಾರಿಯಂತೆ ಹಾವುಹರಿಯಾಗಿ ಮುಂದುವರಿಯಬೇಕು. ಅಟ್ಲಾಂಟಿಕ್ ದಾಟಲು ವಾರಗಳು ಬೇಕು. ಒಲೆಯನ್ನು ಸಹ ತೂಗುಯ್ಯಾಲೆಯಂತೆ ತೂಗುಹಾಕಿರುತ್ತಾರೆ. ದೋಣಿ ವಾಲಿದರೂ ಅಂಬಲಿ ಚೆಲ್ಲಬಾರದು. ಸಿಹಿನೀರನ್ನು ಅಳೆದು ಬಳಸಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಪಾಳಿ. ಬಾನಂಚಿನಲ್ಲಿ ದೀಪವಾಗಿ ಕಾಣಿಸಿಕೊಂಡ ದೊಡ್ಡ ಹಡಗು ಇಪ್ಪತ್ತು ಮಿನಿಟಿನೊಳಗೆ ಮೈಮೇಲೆ ಬಂದೀತು. ಆದುದರಿಂದ ರಾತ್ರಿಯನ್ನು ಮೂರು ಮೂರು ತಾಸಿನಂತೆ, ನಾಲ್ಕು ನಾಲ್ಕು ತಾಸಿನಂತೆ ಹಂಚಿಕೊಂಡು ಒಬ್ಬರು ಚುಕ್ಕಾಣಿಯ ಬಳಿ ಎಚ್ಚರಿರಬೇಕು, ಒಬ್ಬರು ಮಲಗಬೇಕು.

ಇಲ್ಲಿ ನನಗೊಂದು ಸೋಜಿಗ ಕಾಣುತ್ತದೆ. ಮೂವತ್ತು ಅಡಿಗಳೊಳಗೆ ಹಗಲಿರುಳೂ ಕೂಡಿಯೇ ಇರುವ ಗಂಡಹೆಂಡಿರು ನಡುಗಡಲಿನಲ್ಲಿ ಒಟ್ಟಿಗೆ ನಿದ್ರೆ ಮಾಡುವಂತಿಲ್ಲ. ಗಂಡನ ಎಚ್ಚರದ ಮೇಲೆ ಹೆಂಡತಿಯ ನಿದ್ರೆ, ಹೆಂಡತಿಯ ಎಚ್ಚರದ ಮೇಲೆ ಗಂಡನ ನಿದ್ರೆ. ಹಾಯಿಯನ್ನು ಮಡಿಸುವುದು ಗಂಡಿನ ಕೆಲಸ, ಅಡಿಗೆ ಹೆಣ್ಣಿನದು ಎಂಬ ವಿಂಗಡಣೆ ಅಲ್ಲಿ ಬಹಳ ದಿನ ಬಾಳದು. ಒಬ್ಬರಿಗೆ ಜ್ವರ ಬಂದರೆ ಮತ್ತೊಬ್ಬರು ಎಲ್ಲವನ್ನೂ ಮಾಡಲೇಬೇಕು. ಸಪ್ತಪದಿಯಲ್ಲಿ ನಾವು ಸಖ್ಯವೆಂದು ಹೇಳಿಸುತ್ತೇವೆ. ಅನಂತರ ಒಬ್ಬರನ್ನು ಪಡಸಾಲೆಯಲ್ಲಿ, ಒಬ್ಬರನ್ನು ಅಡಿಗೆಮನೆಯಲ್ಲಿ ಕೂರಿಸಿಬಿಡುತ್ತೇವೆ. ದೋಣಿಗೆ ಪಡಸಾಲೆಯಿಲ್ಲ.

ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಮೈಲ್ಸ್ ಸ್ಮೀಟನ್ ಮತ್ತು ಅವರ ಪತ್ನಿ ಬೆರಿಲ್ ಇವರ ಕಥೆ ಇನ್ನೂ ರೋಮಾಂಚಕಾರಿ. ೧೯೫೭ರ ಫೆಬ್ರುವರಿ ೧೪ರಂದು ಅವರ ‘ತ್ಸು ಹಾಂಗ್’ ದೋಣಿಯು ದಕ್ಷಿಣ ಅಮೇರಿಕೆಯ ತುದಿಯಲ್ಲಿರುವ ಹಾರ್ನ್ ಭೂಶಿರದತ್ತ ಸಾಗುತ್ತಿದ್ದಾಗ ಹಿಂದಿನಿಂದ ಎದ್ದ ಒಂದು ಮಹಾತರಂಗ ಅದನ್ನು ತಲೆಕೆಳಗಾಗಿ ಎತ್ತಿ ಒಗೆಯಿತು. ಚುಕ್ಕಾಣಿ ಹಿಡಿದಿದ್ದವಳು ಬೆರಿಲ್. ಸೊಂಟದ ಹಗ್ಗ ಹರಿದು ಆಕೆ ಸಮುದ್ರದ ಪಾಲಾದಳು. ಗಾಯಗೊಂಡ ಆಕೆಯನ್ನು ಗಂಡನೂ, ಜೊತೆಗಿದ್ದ ಜಾನ್ ಗಝ್‌ವೆಲ್ ಎಂಬ ತರುಣನೂ ಮೇಲಕ್ಕೆಳೆದರು. ಪಟ ಕಟ್ಟುವ ಕಂಬಗಳು ಮುರಿದಿದ್ದುವು, ದೋಣಿಯೊಳಗೆಲ್ಲ ನೀರು. ಮೂವರೂ ನೀರನ್ನು ಮೊಗೆದು ಚೆಲ್ಲಿ, ಹರಕುಮುರುಕನ್ನು ಜೋಡಿಸಿ ಚಿಲಿ ದೇಶದ ದಂಡೆ ಮುಟ್ಟಿದರು. ಅಷ್ಟಕ್ಕೆ ಬಿಟ್ಟರೆ? ದೋಣಿಯನ್ನು ದುರಸ್ತಿ ಮಾಡಿಕೊಂಡು ಅದೇ ವರ್ಷದ ಡಿಸೆಂಬರಿನಲ್ಲಿ ಗಂಡಹೆಂಡಿರಿಬ್ಬರೇ ಮತ್ತೆ ಹೊರಟರು, ಮತ್ತೆ ಉರುಳಿದರು. ಈ ಸಾಹಸವನ್ನು ಕುರಿತು ಮೈಲ್ಸ್ ಬರೆದ ಗ್ರಂಥಕ್ಕೆ ‘ಒಮ್ಮೆ ಸಾಕು’ ಎಂಬರ್ಥದ ಹೆಸರಿರುವುದು ವಿನೋದವೇ ಸರಿ. ೧೯೬೮ರಲ್ಲಿ ಅವರು ಆ ಭೂಶಿರವನ್ನು ದಾಟಿಯೇ ಬಿಟ್ಟರು.

ಇದು ಶೂರರ ಮಾತು. ಮಾರಿಸ್ ಮತ್ತು ಮಾರಲಿನ್ ಬೇಲಿ ಎಂಬ ಇಂಗ್ಲೆಂಡಿನ ಮತ್ತೊಂದು ಜೋಡಿ ನಮ್ಮ ನಿಮ್ಮಂಥವರು. ಇದ್ದ ಮನೆಯನ್ನು ಮಾರಿ ದೋಣಿ ಕೊಂಡರು; ಇಬ್ಬರ ಹೆಸರನ್ನೂ ಬೆಸೆದು ಅದಕ್ಕೆ ‘ಆರಲಿನ್’ ಎಂದು ಹೆಸರಿಟ್ಟರು. ಲೋಕದ ಗೊಡವೆಯೇ ಬೇಡವೆಂದು ಮಾರಿಸ್ ದೋಣಿಯಲ್ಲಿ ರೇಡಿಯೊ ಪ್ರೇಷಕವನ್ನು ಇಡಲಿಲ್ಲ. ಮಾರಲಿನ್‌ಳಿಗೆ ಈಜೇ ಬರುತ್ತಿರಲಿಲ್ಲ. ೧೯೭೩ರ ಮಾರ್ಚ್ ೪ರಂದು ಪೆಸಿಫಿಕ್ ಸಾಗರದಲ್ಲಿ ತಿಮಿಂಗಿಲವೊಂದು ಹಾಯ್ದು ದೋಣಿ ಒಡೆದು ಮುಳುಗಿತು. ರಬ್ಬರಿನ ಒಂದು ತೆಪ್ಪ, ಅದಕ್ಕೆ ಕಟ್ಟಿದ ಒಂದು ಪುಟ್ಟ ದೋಣಿ, ಇವುಗಳಲ್ಲಿ ಅವರು ೧೧೭ ದಿನ ತೇಲಿದರು. ಡಬ್ಬಿಯ ಆಹಾರ ಮುಗಿದ ಮೇಲೆ ಆಮೆಯ ಮಾಂಸ, ಹಸಿಯ ಮೀನು, ಮಳೆಯ ನೀರು. ಹಡಗುಗಳು ದೂರದಲ್ಲಿ ಬಂದುವು, ಕಾಣದೆ ಹೋದುವು. ಮಾರಿಸ್ ಮನಸ್ಸು ಕುಗ್ಗಿ ಕುಳಿತುಬಿಟ್ಟನು. ಆಗ ಮಾರಲಿನ್ ಸೇಫ್ಟಿ ಪಿನ್ನುಗಳನ್ನು ಬಾಗಿಸಿ ಗಾಳ ಮಾಡಿದಳು, ಕಾಗದದಲ್ಲಿ ಇಸ್ಪೀಟೆಲೆ ಮಾಡಿ ಆಟಕ್ಕೆ ಎಳೆದಳು, ದಿನಚರಿ ಬರೆದಳು, ಮುಂದೆ ಕಟ್ಟಿಸಬೇಕಾದ ಹೊಸ ದೋಣಿಯಲ್ಲಿ ಯಾವುದು ಎಲ್ಲಿರಬೇಕೆಂದು ಗಂಡನೊಡನೆ ಚರ್ಚೆ ಹೂಡಿದಳು. ಜೂನ್ ೩೦ರಂದು ಕೊರಿಯಾದ ಮೀನುಹಡಗೊಂದು ಅವರನ್ನು ಎತ್ತಿಕೊಂಡಿತು. ಚರ್ಚಿಸಿದ ಆ ದೋಣಿಯನ್ನು ಅವರು ಕಟ್ಟಿಸಿಯೂ ಕಟ್ಟಿಸಿದರು.

ನಮ್ಮ ಸಾವಿತ್ರಿಯ ಕಥೆ ಇದಕ್ಕಿಂತ ದೊಡ್ಡದೆಂದು ನಾನು ಒಪ್ಪುವೆ. ಆದರೆ ಸಾವಿತ್ರಿಗೆ ಎದುರಾಗಿ ಮಾತನಾಡಲು ಯಮನಾದರೂ ಇದ್ದನು. ಈಕೆಯ ಮುಂದೆ ಇದ್ದುದು ಬರಿಯ ನೀರು.

ನಮ್ಮ ದೇಶದವರು ಇಂಥದಕ್ಕೆ ಕೈಹಾಕಲಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನೌಕಾಪಡೆಯ ಅಧಿಕಾರಿಣಿಯರಾದ ದಿಲ್ನಾ ಮತ್ತು ರೂಪಾ ಇವರಿಬ್ಬರೇ ೨೦೨೪ರ ಅಕ್ಟೋಬರ್ ೨ರಂದು ಗೋವೆಯಿಂದ ‘ತಾರಿಣಿ’ ಎಂಬ ೫೬ ಅಡಿಯ ಹಾಯಿನೌಕೆಯಲ್ಲಿ ಹೊರಟು, ಹಾರ್ನ್ ಭೂಶಿರವನ್ನೂ ಬಳಸಿ, ೨೦೨೫ರ ಮೇ ಕೊನೆಗೆ ಗೋವೆಗೇ ಮರಳಿದರು. ಎಂಟು ತಿಂಗಳ ಪಾಳಿ. ಅವರು ದಂಪತಿಗಳಲ್ಲ, ಸಹೋದ್ಯೋಗಿಗಳು. ಆದರೂ ಒಬ್ಬರ ಎಚ್ಚರದ ಮೇಲೆ ಒಬ್ಬರ ನಿದ್ರೆ ಎಂಬ ನಿಯಮ ಅಲ್ಲಿಯೂ ಅದೇ.

ಗಂಡಹೆಂಡಿರೇ ಬೇಕೆಂದರೆ ಇನ್ನೂ ಹತ್ತಿರ ನೋಡಬೇಕು. ಹರಿಗೋಲು ನಮ್ಮ ನಾಡಿನ ಬಹು ಹಳೆಯ ದೋಣಿ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಜ್ ಪ್ರವಾಸಿ ಪಾಯೆಸ್, ಬುಟ್ಟಿಯಂತೆ ದುಂಡಾದ, ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿದ್ದಾನೆ. ತೊಗಲು ಹೋಗಿ ಡಾಂಬರು ಬಳಿದ ಹೊದಿಕೆ ಬಂದಿತು, ಈಗ ಫೈಬರ್ ಬಂದಿದೆ, ದುಂಡುತನ ಹೋಗಿಲ್ಲ. ಮೈಸೂರು ಸೀಮೆಯ ಮೀನುಗಾರ ಸಂಸಾರಗಳು ಇಂಥ ಹರಿಗೋಲುಗಳೊಡನೆ ಕೇರಳದ ಕೊಚ್ಚಿಯ ಹಿನ್ನೀರಿಗೆ ವಲಸೆ ಹೋಗುತ್ತವೆ. ಮಲಯಾಳಿಗಳು ಅದನ್ನು ಕುಟ್ಟವಂಚಿ ಎಂದು ಕರೆಯುತ್ತಾರೆ. ಒಂದು ಹರಿಗೋಲಿಗೆ ಒಂದು ಜೋಡಿ. ಹುಟ್ಟು ಒಬ್ಬರ ಕೈಯಲ್ಲಿ, ಬಲೆ ಇನ್ನೊಬ್ಬರ ಕೈಯಲ್ಲಿ. ರಾತ್ರಿಯೆಲ್ಲ ನೀರಿನ ಮೇಲೆ, ಹಗಲು ದಂಡೆಯ ಗುಡಾರದಲ್ಲಿ ಇಲ್ಲವೆ ಸೇತುವೆಯ ಕೆಳಗೆ. ಕೂಸಿದ್ದರೆ ಅದಕ್ಕೂ ಹರಿಗೋಲಿನಲ್ಲೇ ಹಾಸಿಗೆ. ಕನ್ನಡ ಮಾತನಾಡುವ ಈ ದೋಣಿವಾಸಿ ದಂಪತಿಗಳಿಗೆ ಭೂಪ್ರದಕ್ಷಿಣೆಯ ಹಂಬಲವಿಲ್ಲ. ಹಿಸ್ಕಾಕರು ಮನೆಯನ್ನು ಬಿಟ್ಟು ದೋಣಿಗೆ ಹೋದರು, ಇವರು ಹೊಟ್ಟೆಗಾಗಿ ಹೋದರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಇವರ ಬಾಳನ್ನು ಕಾವ್ಯವೆಂದು ಕೊಂಡಾಡುವುದು ನನಗೆ ಸರಿಕಾಣದು. ಆದರೆ ಅವರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಕಪಾಟು ತುಂಬುವಷ್ಟು ಗ್ರಂಥಗಳಿರುವಾಗ, ಇವರ ಬಾಯಿಂದ ಬಂದ ಹತ್ತು ಪುಟ ಕನ್ನಡದಲ್ಲಿ ನನ್ನ ಕೈಗೆ ಸಿಕ್ಕಿಲ್ಲವೆಂಬುದು ಕನ್ನಡದ ಅಧ್ಯಾಪಕನಾದ ನನ್ನನ್ನು ಚುಚ್ಚುತ್ತದೆ.

ಹುಕ್ಕೇರಿಯ ಕಡೆ ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿ ಬಲೆ ಬಿಡುವ ಒಂದು ಜೋಡಿಯನ್ನು ನಾನು ಮಾತನಾಡಿಸಿದ್ದುಂಟು. ದುಂಡು ದೋಣಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವ ಕೈ ತುಸು ತಪ್ಪಿದರೂ ಅದು ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಹುಟ್ಟು ಹಿಡಿದಿದ್ದವಳು ಹೆಂಡತಿ. ಗಂಡನು ಬಲೆ ಎಳೆಯುವಾಗ ವಾಲಿದ ಕಡೆಗೆ ಆಕೆ ನೋಡದೆಯೇ ತನ್ನ ಭಾರವನ್ನು ಮತ್ತೊಂದು ಮಗ್ಗುಲಿಗೆ ಸರಿಸುತ್ತಿದ್ದಳು. ಇದನ್ನು ಯಾರು ಕಲಿಸಿದರೆಂದು ಕೇಳಿದೆ. “ಕಲಸೂದೇನೈತ್ರಿ ಸರ? ಅವರು ಆ ಕಡೆ ವಾಲಿದ್ರ ನಾ ಈ ಕಡೆ ವಾಲ್ತೀನಿ. ಇಬ್ಬರೂ ಒಂದ ಕಡೆ ವಾಲಿದ್ರ ಮುಗೀತಲ್ರಿ,” ಎಂದಳು. ಬೇಸಿಗೆಯಲ್ಲಿ ನೀರು ಇಳಿದು, ಮುಳುಗಿದ್ದ ಹುನ್ನೂರಿನ ವಿಠ್ಠಲ ದೇವಾಲಯ ಮೇಲೆ ಕಾಣಿಸಿಕೊಂಡಾಗ ಏನು ಮಾಡುವಿರಿ ಎಂದುದಕ್ಕೆ ಗಂಡನು ಬಲೆಯ ಗಂಟು ಬಿಡಿಸುತ್ತಲೇ, ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ ಕಬ್ಬು ಕಡಿಯಲು ಮೂಡಲಗಿಯ ಕಡೆ ಹೋಗುವುದಾಗಿ ಹೇಳಿದನು. ಅಲ್ಲಿಯೂ ಕೂಲಿಯ ಲೆಕ್ಕ ಜೋಡಿಗೇ ಇರುವುದೆಂದು ಆಕೆ ಸೇರಿಸಿದಳು.