ಮಳೆ ಹೊರಗೆ, ಬೆವರು ಒಳಗೆ: ಜಾಕೆಟ್ ಆರಿಸೋದು ಹೇಗೆ?

ಜೂನ್ ಬಂತು ಅಂದ್ರೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೈಕಲ್ಲಿ ಓಡಾಡುವ ನಮ್ಮಂಥವರಿಗೆ ಒಂದೇ ಚಿಂತೆ: ಯಾವ ಜಾಕೆಟ್ ತಗೊಳ್ಳೋದು? ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿ.ಮೀ. ನೆನೆದು ಬಂದು ಒದ್ದೆ ಶರ್ಟಲ್ಲೇ ಸಂಜೆವರೆಗೆ ಕೂತರೆ ಯಾವ ಪಾಠವೂ ತಲೆಗೆ ಹತ್ತಲ್ಲ. ಆನ್‌ಲೈನ್‌ನಲ್ಲಿ ಸ್ಕೀ ಜಾಕೆಟ್‌ಗಳೂ ಆಸೆ ಹುಟ್ಟಿಸುತ್ತವೆ. ದುಡ್ಡು ಕೊಡುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ಲೇಬಲ್ ಮೇಲಿನ 10,000 ಮಿ.ಮೀ. ಅನ್ನೋದು ಮಳೆಯ ಪ್ರಮಾಣ ಅಲ್ಲ. ಬಟ್ಟೆಯ ಮೇಲೆ 10 ಮೀಟರ್ ಎತ್ತರ ನೀರು ನಿಂತಷ್ಟು ಒತ್ತಡ ಬಿದ್ದರೂ ಸೋರಲ್ಲ ಎಂದರ್ಥ. ಅಷ್ಟೊಂದು ಯಾಕೆ? ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್‌ನ ವೆಲಾಸಿಟಿ ಹೆಡ್ ಸೂತ್ರ ಹಾಕಿ ನೋಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಎದುರಿನ ಹನಿಯ ಹೊಡೆತ ಕ್ಷಣಮಾತ್ರಕ್ಕೆ ಸುಮಾರು 6 ಮೀಟರ್ ನೀರಿನ ಒತ್ತಡಕ್ಕೆ ಸಮ. 60ಕ್ಕೆ ಹೋದರೆ 14 ಮೀಟರ್! ನಿಧಾನ ಹೋಗೋದೂ ಒಂಥರಾ ವಾಟರ್‌ಪ್ರೂಫಿಂಗೇ.

ಇನ್ನು ಬೆವರಿನ ಕಥೆ. ಅಗ್ಗದ ಪ್ಲಾಸ್ಟಿಕ್ ರೇನ್‌ಕೋಟ್ ಮಳೆ ತಡೆಯುತ್ತೆ, ಆದರೆ ಬೆವರಿನ ಆವಿಯನ್ನೂ ಹೊರಗೆ ಬಿಡಲ್ಲ. ಫ್ರಿಜ್‌ನಿಂದ ತೆಗೆದ ಬಾಟಲಿ ಮೇಲೆ ಹನಿ ಕಟ್ಟುವ ಹಾಗೆ ಆ ಆವಿ ಒಳಗೋಡೆಯಲ್ಲೇ ನೀರಾಗುತ್ತೆ. ಗೋರ್‌ಟೆಕ್ಸ್‌ನಂಥ ಪೊರೆಗಳು ಹನಿಯನ್ನು ತಡೆದು ಆವಿಯನ್ನು ದಾಟಿಸುತ್ತವೆ. ಆದರೆ ಆವಿ ದಾಟಬೇಕಾದರೆ ಒಳಗಿಗಿಂತ ಹೊರಗೆ ಆವಿಯ ಒತ್ತಡ ಕಡಿಮೆ ಇರಬೇಕು. ಗುಲ್ಮಾರ್ಗ್‌ನ ಹಿಮದಲ್ಲಿ ಅದು ಸಲೀಸು. ನಮ್ಮ ಜುಲೈನ ಬೆಚ್ಚಗಿನ ತೇವದ ಗಾಳಿಯಲ್ಲಿ ಕಷ್ಟ. ಜೊತೆಗೆ ಸ್ಕೀ ಜಾಕೆಟ್‌ನೊಳಗೆ ದಪ್ಪ ಪದರ ಇದ್ದರೆ ಇನ್ನಷ್ಟು ಬೆವರು. ಹಾಗಾಗಿ ನಮಗೆ ಬೇಕಿರೋದು ಗಾಳಿದಾರಿ: ಕಂಕುಳ ಕೆಳಗೆ ಜಿಪ್, ಬೆನ್ನಲ್ಲಿ ಮಡಿಕೆಯ ಕಿಂಡಿ. ಮಲೆನಾಡಿನ ಗದ್ದೆಗಳಲ್ಲಿ ನಾಟಿ ಮಾಡುವಾಗ ಹೊದೆಯುತ್ತಿದ್ದ ಗೊರಬು ನೆನಪಿಸಿಕೊಳ್ಳಿ. ಬೆನ್ನ ಮೇಲೆ ಮಳೆ ಬೀಳಲ್ಲ, ಮುಂದುಗಡೆ ಪೂರ್ತಿ ಗಾಳಿ!

ಗಾಂಧಿ ಬಜಾರಿಗೆ ಹೋದಾಗ ಇಷ್ಟು ನೋಡಿ:

- ಜಾಕೆಟ್ ಒಳಮಗ್ಗುಲು ತಿರುಗಿಸಿ. ಹೊಲಿಗೆಯ ಮೇಲೆಲ್ಲ ಟೇಪ್ ಅಂಟಿಸಿರಬೇಕು. ಇಲ್ಲದಿದ್ದರೆ ಸೂಜಿ ತೂತಿಂದಲೇ ನೀರು ಬರುತ್ತೆ.
- ಮುಂದಿನ ಜಿಪ್ ಮೇಲೆ ಮುಚ್ಚುಪಟ್ಟಿ, ಮಣಿಕಟ್ಟಿಗೆ ಬಿಗಿಮಾಡುವ ಪಟ್ಟಿ ಬೇಕೇ ಬೇಕು.
- ಹಾಕಿಕೊಂಡು, ಕೂತು, ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ. ತೋಳು ಮೇಲೇರಿದರೆ ಒಂದು ಸೈಜ್ ದೊಡ್ಡದು ಕೇಳಿ.
- ಕಪ್ಪು ಚೆನ್ನಾಗಿ ಕಾಣುತ್ತೆ ನಿಜ, ಆದರೆ ಮಳೆಯಲ್ಲಿ ಹಿಂದೆ ಬರುವ ಲಾರಿಯವರಿಗೆ ನಾವು ಕಾಣಬೇಕಲ್ವಾ? ಹಳದಿ ಬಣ್ಣ, ಹೊಳೆಯುವ ಪಟ್ಟಿ ಇರಲಿ.

ಮನೆಗೆ ಬಂದ ಮೇಲೆ ಮುದ್ದೆ ಮಾಡಿ ಡಿಕ್ಕಿಗೆ ತುರುಕಬೇಡಿ. ನೇತುಹಾಕಿ, ನೆರಳಲ್ಲಿ ಒಣಗಲಿ. ಒಳ್ಳೆ ಮಳೆಗಾಲ ನಿಮ್ಮದಾಗಲಿ!