ಆಟೋಮ್ಯಾಟಿಕ್ ಜೀಪಿಗೆ ಕೈಗೇರು

ಕಾಪುವಿನ ಕಡಲತಡಿಯಿಂದ ಹೊರಟ ಜೀಪು ಉಡುಪಿ, ಮಣಿಪಾಲ, ಹೆಬ್ರಿಗಳನ್ನು ದಾಟಿ ಸೋಮೇಶ್ವರವನ್ನು ಸೇರುವವರೆಗೆ ಅದರ ಗೇರುಪೆಟ್ಟಿಗೆಗೆ ಹೆಚ್ಚಿನ ಪರೀಕ್ಷೆಯಿಲ್ಲ. ಅಲ್ಲಿಂದ ಮುಂದೆ ೧೪ ಕಡಿದಾದ ತಿರುವುಗಳ ಆಗುಂಬೆ ಘಾಟಿ. ಕಾರ್ಕಳದಿಂದ ಬಜಗೋಳಿಯ ಮೂಲಕ ಕುದುರೆಮುಖಕ್ಕೆ ಏರುವ ದಾರಿಯೂ ಸುಲಭವಾದುದಲ್ಲ. ಆದರೆ ಏರುವುದಕ್ಕಿಂತ ಇಳಿಯುವುದೇ ಅಪಾಯಕರ. ಏಕೆಂಬುದನ್ನು ಲೆಕ್ಕ ಹಾಕಿ ನೋಡೋಣ.

೨,೦೦೦ ಕಿಲೋಗ್ರಾಂ ತೂಕದ ವಾಹನವು ೫೦೦ ಮೀಟರು ಕೆಳಗಿಳಿದಾಗ ಸುಮಾರು ೯೮ ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ೩೩ ಲೀಟರು ನೀರನ್ನು ಕುದಿಬಿಂದುವಿಗೆ ತರಲು ಇಷ್ಟು ಸಾಕು; ಬಚ್ಚಲಿನ ಹಂಡೆಯನ್ನು ನೆನೆಯಿರಿ! ಇದೆಲ್ಲವನ್ನೂ ಬ್ರೇಕುಗಳೇ ನುಂಗಬೇಕಾದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆದುದರಿಂದಲೇ ಅನುಭವಿಗಳು ಕೆಳಗಿನ ಗೇರಿನಲ್ಲಿ ಇಳಿಯುತ್ತಾರೆ. ಆಗ ಚಕ್ರಗಳೇ ಇಂಜಿನನ್ನು ತಿರುಗಿಸಬೇಕಾಗಿ, ಶಕ್ತಿಯ ಬಹುಪಾಲು ಅಲ್ಲಿ ವ್ಯಯವಾಗುತ್ತದೆ.

ಆಟೋಮ್ಯಾಟಿಕ್ ಗೇರಿನ ವಾಹನದಲ್ಲಿ ಈ ಹಿಡಿತ ಸಡಿಲವೆಂಬುದು ಕೆಲವರ ದೂರು. ದೂರಿಗೆ ಆಧಾರವಿಲ್ಲದಿಲ್ಲ. ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ತಿರುಗಿಸಿದರೆ ಇನ್ನೊಂದೂ ಮೆಲ್ಲನೆ ತಿರುಗುವುದಷ್ಟೆ? ಗಾಳಿಯ ಬದಲು ಎಣ್ಣೆಯನ್ನು ತುಂಬಿ, ನಡುವೆ ಎಣ್ಣೆಯ ದಿಕ್ಕನ್ನು ತಿದ್ದುವ ಮೂರನೆಯ ಚಕ್ರವನ್ನಿಟ್ಟರೆ ಅದೇ ಟಾರ್ಕ್ ಕನ್ವರ್ಟರ್. ಇದಕ್ಕೆ ಮೂಲವಾದ ಪೇಟೆಂಟನ್ನು ಜರ್ಮನಿಯ ಹರ್ಮನ್ ಫಟಿಂಗರ್ ೧೯೦೫ರಲ್ಲಿ ಪಡೆದನು. ನಿಂತ ವಾಹನ ಹೊರಡುವಾಗ ಇದು ಇಂಜಿನಿನ ತಿರುಗುಬಲವನ್ನು ಸುಮಾರು ಇಮ್ಮಡಿಗೊಳಿಸಬಲ್ಲುದು. ಕಾಪುವಿನ ಮರಳಿನಲ್ಲಿ ಇದು ದೊಡ್ಡ ಉಪಕಾರ. ಅಲ್ಲಿ ಕ್ಲಚ್ಚನ್ನು ಅರೆಬರೆ ಒತ್ತಿ ಹೊರಡಲು ಹವಣಿಸಿದವರಿಗೆ ಸುಟ್ಟ ವಾಸನೆಯೇ ಗತಿ. ಘಾಟಿಯ ಇಳಿಜಾರಿನಲ್ಲಾದರೋ ಎಣ್ಣೆಯ ಈ ಜಾರಿಕೆ ತೊಡಕಾಗುತ್ತದೆ. ಹೊಸ ವಾಹನಗಳಲ್ಲಿ ಜಾರದಂತೆ ಬಿಗಿಹಿಡಿಯುವ ಒಂದು ಕ್ಲಚ್ಚು ಒಳಗೇ ಇರುತ್ತದೆ. ಹಳೆಯವುಗಳಲ್ಲಿಯೂ ಸನ್ನೆಯನ್ನು 'ಎಲ್' ಸ್ಥಾನಕ್ಕೆ ತಂದರೆ ಇಂಜಿನಿನ ತಡೆ ದೊರೆಯುತ್ತದೆ. ಆದುದರಿಂದ ಘಾಟಿಯೊಂದಕ್ಕಾಗಿಯೇ ಗೇರುಪೆಟ್ಟಿಗೆಯನ್ನು ಬದಲಿಸುವುದು ನಮಗೆ ಸಮ್ಮತವಲ್ಲ. ಹಳೆಯ ಪೆಟ್ಟಿಗೆ ಕೆಟ್ಟು, ಅದೇ ಮಾದರಿಯ ಕೈಗೇರಿನ ಭಾಗಗಳು ದೊರೆಯುವಂತಿದ್ದರೆ ಮಾತು ಬೇರೆ. ೨೦೨೦ರಲ್ಲಿ ಬಂದ ಮಹೀಂದ್ರ ಥಾರ್‌ನಂಥ ವಾಹನ ಎರಡು ಬಗೆಯ ಗೇರುಗಳಲ್ಲಿಯೂ ತಯಾರಾದುದರಿಂದ ಭಾಗಗಳ ಹೊಂದಾಣಿಕೆ ಅಷ್ಟರಮಟ್ಟಿಗೆ ಸುಲಭ.

ಪೆಟ್ಟಿಗೆಯನ್ನು ಕಳಚಿ ಇನ್ನೊಂದನ್ನು ತಗುಲಿಸಿದರೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಇಂಜಿನಿನ ಹಿಂದಿನ ತೆಳುವಾದ ತಟ್ಟೆಯ ಬದಲು ಭಾರವಾದ ಫ್ಲೈವೀಲ್ ಬೇಕು. ಕ್ಲಚ್ಚಿನ ತಟ್ಟೆ ಒತ್ತಲು ಅದರ ನಯವಾದ ಮುಖವೇ ಆಧಾರ. ಕ್ಲಚ್ಚಿನ ಪೆಡಲು, ಅದರ ಒತ್ತಡವನ್ನು ಸಾಗಿಸುವ ಸಿಲಿಂಡರುಗಳು, ನೆಲದಲ್ಲಿ ಸನ್ನೆಗೊಂದು ಕಿಂಡಿ, ಇವೆಲ್ಲ ಹೊಸವು. ನಾಲ್ಕು ಚಕ್ರಗಳಿಗೂ ಚಾಲನೆಯಿರುವ ವಾಹನದಲ್ಲಿ ಗೇರುಪೆಟ್ಟಿಗೆಯ ಹಿಂದೆ, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಪೆಟ್ಟಿಗೆ ಇರುತ್ತದೆ. ಹೊಸ ಗೇರುಪೆಟ್ಟಿಗೆ ಉದ್ದವಾಗಿದ್ದರೆ ಇದು ಹಿಂದಕ್ಕೆ ಸರಿಯುತ್ತದೆ. ಆಗ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಉದ್ದಗೊಳಿಸಬೇಕು, ಹಿಂದಿನದನ್ನು ಮೊಟಕುಗೊಳಿಸಬೇಕು. ಕೀಲುಗಳ ಕೋನ ತಪ್ಪಿದರೆ ವಾಹನವೆಲ್ಲ ನಡುಗುವುದು.

ಇನ್ನು ವಿದ್ಯುತ್ತಿನ ಕೆಲಸ. ಆಟೋಮ್ಯಾಟಿಕ್ ವಾಹನದ ಇಂಜಿನು 'ಪಿ' ಅಥವಾ 'ಎನ್' ಸ್ಥಾನದಲ್ಲಿ ಮಾತ್ರ ಚಾಲೂ ಆಗುತ್ತದೆ. ಆ ಸ್ವಿಚ್ಚನ್ನು ತೆಗೆದು ತಂತಿಗಳನ್ನು ಸುಮ್ಮನೆ ಜೋಡಿಸಿಬಿಟ್ಟರೆ, ಗೇರಿನಲ್ಲಿರುವಾಗಲೇ ಕೀಲಿ ತಿರುಗಿಸಿದವನ ಜೀಪು ಎದುರಿನ ಗೋಡೆಗೆ ನೆಗೆಯಬಹುದು. ಕ್ಲಚ್ ಪೆಡಲಿಗೆ ಸ್ವಿಚ್ಚೊಂದನ್ನು ಅಳವಡಿಸಲೇಬೇಕು. ಇಂದಿನ ವಾಹನಗಳಲ್ಲಿ ಇಂಜಿನಿನ ಗಣಕವು ಗೇರುಪೆಟ್ಟಿಗೆಯ ಗಣಕದಿಂದ ಸಂಕೇತಗಳನ್ನು ನಿರೀಕ್ಷಿಸುತ್ತದೆ. ಆದುದರಿಂದ ಅದನ್ನೂ ಕೈಗೇರಿಗೆ ಹೊಂದಿಸಬೇಕು. ವೆಚ್ಚ ಹಿಗ್ಗುವುದು ಇಲ್ಲಿಯೇ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ವಾಹನಗಳ ಮಾರ್ಪಾಟಿಗೆ ಮಿತಿಗಳನ್ನು ವಿಧಿಸಿದೆ. ಪಾನಾ ಹಿಡಿಯುವ ಮೊದಲೇ ಸಾರಿಗೆ ಕಛೇರಿಯಲ್ಲಿ ವಿಚಾರಿಸುವುದು ಲೇಸು.

ಮಾರ್ಪಾಟಾದ ವಾಹನದಲ್ಲಿ 'ಪಿ' ಸ್ಥಾನದ ಕೊಂಡಿಯಿರುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಕೈಬ್ರೇಕನ್ನು ಎಳೆದು ಗೇರಿನಲ್ಲಿಡುತ್ತೇವೆ. ಆದರೆ ಟ್ರಾನ್ಸ್‌ಫರ್ ಪೆಟ್ಟಿಗೆಯ ಸನ್ನೆ ತಟಸ್ಥದಲ್ಲಿದ್ದರೆ ಇಂಜಿನಿಗೂ ಚಕ್ರಗಳಿಗೂ ಸಂಬಂಧವೇ ಇರುವುದಿಲ್ಲ. ಮೊದಲನೆಯ ಗೇರಿನಲ್ಲಿದ್ದರೂ, ಕೈಬ್ರೇಕು ಸಡಿಲವಾದೊಡನೆ ವಾಹನವು ಉರುಳತೊಡಗುವುದು.