ಉಸಿರಿನ ಮನೆ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಒಮ್ಮೆಯಾದರೂ ಹತ್ತದವರು ನಮ್ಮ ಕಾಲೇಜಿನಲ್ಲಿ ವಿರಳ. ಚನ್ನರಾಯಪಟ್ಟಣದ ಕಡೆಯ ಗೆಳೆಯರಿಗಂತೂ ಅದು ಹಿತ್ತಿಲ ಬೆಟ್ಟವೇ ಸರಿ. ಬಂಡೆಯಲ್ಲಿ ಕಡೆದ ಆರುನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನೇರಿ ಗೊಮ್ಮಟನ ಮುಂದೆ ನಿಂತಾಗ ನಮಗೆ ಮೊದಲು ಅನುಭವಕ್ಕೆ ಬರುವುದು ಭಕ್ತಿಯೂ ಅಲ್ಲ, ಸೌಂದರ್ಯವೂ ಅಲ್ಲ; ಏದುಸಿರು! ಸುಮ್ಮನೆ ಕುಳಿತಾಗ ಒಂದೊಂದು ಉಸಿರಿಗೆ ಸುಮಾರು ಅರ್ಧ ಲೀಟರಿನಂತೆ, ನಿಮಿಷಕ್ಕೆ 12ರಿಂದ 16 ಸಲ ಗಾಳಿಯನ್ನೆಳೆದುಕೊಳ್ಳುವ ನಮ್ಮ ದೇಹ, ಬೆಟ್ಟ ಹತ್ತುವಾಗ ಅದರ ಹಲವು ಪಟ್ಟು ಗಾಳಿಯನ್ನು ಬೇಡುತ್ತದೆ. ಈ ಗಾಳಿ ಹೋಗುವುದೆಲ್ಲಿಗೆ? ಅಲ್ಲಿ ಅದನ್ನು ಎದುರುಗೊಳ್ಳುವವರು ಯಾರು? ವೈದ್ಯವಿದ್ಯಾರ್ಥಿಯಲ್ಲದ ನಾನು ಈ ಪ್ರಶ್ನೆಗಳ ಬೆನ್ನು ಹತ್ತಲು ಒಂದು ಕಾರಣವುಂಟು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ದೇಹವೆಲ್ಲವೂ ಜೀವಕಣಗಳಿಂದಾದುದು ಎಂಬುದು ಎಲ್ಲರೂ ಬಲ್ಲ ಮಾತು. ಒಂದೇ ಕೆಲಸಕ್ಕಾಗಿ ಕೂಡಿ ನಿಂತ ಜೀವಕಣಗಳ ಸಮುದಾಯಕ್ಕೆ ಅಂಗಾಂಶವೆಂದು ಹೆಸರು. ಉಸಿರಿನ ದಾರಿಯುದ್ದಕ್ಕೂ ಈ ಅಂಗಾಂಶಗಳು ಸ್ಥಳಕ್ಕೆ ತಕ್ಕಂತೆ ವೇಷ ಬದಲಿಸುತ್ತ ಹೋಗುತ್ತವೆ. ಆ ದಾರಿಯಲ್ಲೇ ನಾವೂ ಒಮ್ಮೆ ಹೋಗಿ ಬರೋಣ.

ಮೊದಲನೆಯದು ಮೂಗು. ಹಾಸನದ ಮಾರ್ಗಶಿರದ ಬೆಳಗಿನ ಗಾಳಿ ಎಷ್ಟು ತಣ್ಣಗಿರುತ್ತದೆಂಬುದನ್ನು ಹಾಸ್ಟೆಲಿನ ಗೆಳೆಯರಿಗೆ ಹೇಳಬೇಕಾಗಿಲ್ಲ. ಆ ಗಾಳಿ ಹಾಗೆಯೇ ಶ್ವಾಸಕೋಶವನ್ನು ಹೊಕ್ಕರೆ ಒಳಗಿನ ನವುರಾದ ಪೊರೆಗಳಿಗೆ ಕೇಡು. ಆದುದರಿಂದ ಮೂಗಿನ ಒಳಪೊರೆಯ ಕೆಳಗೆ ರಕ್ತನಾಳಗಳ ದಟ್ಟವಾದ ಬಲೆ ಹರಡಿಕೊಂಡು, ಬಂದ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಪೊರೆಯ ಮೇಲಿನ ಲೋಳೆ ಅದಕ್ಕೆ ತೇವವನ್ನು ಕೊಡುತ್ತದೆ. ದಪ್ಪನೆಯ ಧೂಳು ಇಲ್ಲಿಯೇ ಅಂಟಿಕೊಂಡು ನಿಲ್ಲುತ್ತದೆ.

ಗಂಟಲನ್ನು ದಾಟಿದರೆ ಶ್ವಾಸನಾಳ. ಉದ್ದ 10ರಿಂದ 12 ಸೆಂಟಿಮೀಟರು. ಇದು ಕುಸಿಯದಂತೆ 16ರಿಂದ 20 ಮೃದ್ವಸ್ಥಿಯ ಬಳೆಗಳು ಆತುಕೊಂಡಿವೆ. ಇವು ಪೂರ್ಣ ಬಳೆಗಳಲ್ಲ, ಕುದುರೆಯ ಲಾಳದಂತೆ ಹಿಂಬದಿಯಲ್ಲಿ ತೆರೆದಿವೆ. ಆ ತೆರವಿನಲ್ಲಿ ಮೃದುವಾದ ಸ್ನಾಯುವಿದೆ. ಅದರ ಹಿಂದೆಯೇ ಅನ್ನನಾಳ. ನಮ್ಮ ಸೀಮೆಯವರಿಗೆ ಈ ಏರ್ಪಾಡಿನ ಬೆಲೆ ಬೇಗ ತಿಳಿಯುತ್ತದೆ. ಅಗಿಯದೆ ನುಂಗಿದ ರಾಗಿಮುದ್ದೆಯ ತುತ್ತು ಕೆಳಗಿಳಿಯುವಾಗ ಅನ್ನನಾಳ ಹಿಗ್ಗಲು ಎಡೆ ಬೇಡವೆ?

ಈ ನಾಳದ ಒಳಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕಣಗಳು ಹಲವು ಸಾಲಾಗಿ ಒಂದರ ಮೇಲೊಂದು ನಿಂತಂತೆ ಕಾಣುತ್ತದೆ. ಅದು ಕಣ್ಣಿನ ಭ್ರಮೆ. ಕಾಲೇಜಿನ ಗ್ರೂಪ್ ಫೋಟೋದಲ್ಲಿ ಎತ್ತರದವರೂ ಕುಳ್ಳರೂ ಒತ್ತಿಕೊಂಡು ನಿಂತಾಗ ತಲೆಗಳು ಬೇರೆ ಬೇರೆ ಸಾಲಿನಲ್ಲಿ ಕಂಡರೂ ಕಾಲುಗಳೆಲ್ಲ ನೆಲದ ಮೇಲೆಯೇ ಇರುತ್ತವಷ್ಟೆ; ಇಲ್ಲಿಯೂ ಹಾಗೆಯೇ. ಎಲ್ಲ ಕಣಗಳ ಬುಡವೂ ಒಂದೇ ಪೊರೆಯ ಮೇಲೆ ಊರಿದೆ. ಇವರಲ್ಲಿ ಮುಖ್ಯರು ಮೂವರು. ಹೂಜಿಯಾಕಾರದ ಕಣಗಳು ಲೋಳೆಯನ್ನು ಸುರಿಸುತ್ತವೆ. ಲೋಮಕಣಗಳ ತಲೆಯ ಮೇಲೆ ತಲಾ ಇನ್ನೂರರಷ್ಟು ಸೂಕ್ಷ್ಮವಾದ ರೋಮಗಳಿದ್ದು, ಅವು ಸೆಕೆಂಡಿಗೆ ಹತ್ತು ಸಲಕ್ಕೂ ಮೀರಿ ಬೀಸುತ್ತವೆ. ಬುಡದಲ್ಲಿ ಅವಿತಿರುವ ಕುಳ್ಳ ಕಣಗಳು, ಸತ್ತ ಕಣಗಳ ಜಾಗಕ್ಕೆ ಹೊಸಬರನ್ನು ಹುಟ್ಟಿಸುತ್ತವೆ. ಗಾಳಿಗೆ ಬಾಗುವ ಬತ್ತದ ಪೈರಿನಂತೆ ರೋಮಗಳೆಲ್ಲ ಅಲೆಯಲೆಯಾಗಿ ಗಂಟಲಿನ ಕಡೆಗೆ ಬೀಸಿದಾಗ, ಧೂಳು ರೋಗಾಣುಗಳು ಅಂಟಿದ ಲೋಳೆಯ ಹಾಸು ಮೇಲಕ್ಕೆ ಸರಿಯುತ್ತದೆ. ಗಂಟಲಿಗೆ ಬಂದುದನ್ನು ನಾವು ಅರಿವಿಲ್ಲದೆಯೇ ನುಂಗಿಬಿಡುತ್ತೇವೆ. ಹಗಲಿರುಳೂ ನಿಲ್ಲದ ಜಾಡಮಾಲಿ ಕೆಲಸವಿದು. ಕೂಲಿ ಮಾತ್ರ ಇಲ್ಲ!

ಶ್ವಾಸನಾಳ ಎರಡಾಗಿ ಒಡೆದು, ಅವು ಮತ್ತೆ ಮತ್ತೆ ಕವಲೊಡೆದು, ಸುಮಾರು 23 ಸಲ ಕವಲಾಗುತ್ತವೆ. ತಲೆಕೆಳಗಾದ ಮರವೆಂದರೂ ಸರಿಯೆ. ಕವಲು ಸಣ್ಣದಾದಂತೆ ಮೃದ್ವಸ್ಥಿ ಮಾಯವಾಗುತ್ತದೆ. ಹೂಜಿ ಕಣಗಳು ವಿರಳವಾಗುತ್ತವೆ. ಸ್ನಾಯುವಿನ ಉಂಗುರ ಮಾತ್ರ ಉಳಿಯುತ್ತದೆ. ಉಬ್ಬಸದವರಲ್ಲಿ ಈ ಸ್ನಾಯುವೇ ಬಿಗಿದು, ಪೊರೆ ಊದಿ, ಲೋಳೆ ತುಂಬಿ ದಾರಿ ಕಿರಿದಾಗುವುದು. ರಾಗಿಯ ಕಣದಲ್ಲಿ ತೂರುವ ದಿನ ಹೊಟ್ಟಿನ ಧೂಳಿಗೆ ಕೆಲವರು ಕುಂಯ್‌ಗುಟ್ಟುತ್ತ ಕೂರುವುದನ್ನು ಹಳ್ಳಿಯವರೆಲ್ಲ ಕಂಡಿದ್ದೇವೆ. ಬಳೆಯ ಆಸರೆಯಿಲ್ಲದ ನಾಳ ಬಿಗಿತಕ್ಕೆ ಸುಲಭವಾಗಿ ಸೋಲುತ್ತದೆ.

ಮರದ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಗಾಳಿಗೂಡುಗಳು. 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಈ ಗೂಡುಗಳನ್ನೂ ಅವನ್ನು ಸುತ್ತಿದ ಕೂದಲಿಗಿಂತ ಸಣ್ಣ ರಕ್ತನಾಳಗಳನ್ನೂ ಲೋಕಕ್ಕೆ ತಿಳಿಸಿದ. ಮನುಷ್ಯನಲ್ಲಿ ಇವುಗಳ ಸಂಖ್ಯೆ 30 ಕೋಟಿಯೆಂದು ಬಹುಕಾಲ ಎಣಿಸಿದ್ದರು. 2004ರಲ್ಲಿ ಪ್ರಕಟವಾದ ಎಣಿಕೆ ಸರಾಸರಿ 48 ಕೋಟಿಯೆಂದಿತು. ಇವನ್ನೆಲ್ಲ ಬಿಡಿಸಿ ಹಾಸಿದರೆ 70 ಚದರ ಮೀಟರಿಗೆ ಕಡಿಮೆಯಿಲ್ಲ. ನಮ್ಮ ದೊಡ್ಡ ತರಗತಿಯೊಂದರ ನೆಲಕ್ಕೆ ಸಾಲುವಷ್ಟು ಪೊರೆ ಎದೆಗೂಡಿನಲ್ಲಿ ಮಡಿಸಿಕೊಂಡು ಕುಳಿತಿದೆ.

ಗೂಡಿನ ಗೋಡೆಯಲ್ಲಿ ಎರಡು ತರದ ಜೀವಕಣಗಳಿವೆ. ಮೊದಲನೆಯ ತರದವು ಹಪ್ಪಳಕ್ಕಿಂತ ತೆಳ್ಳಗೆ ಹರಡಿಕೊಂಡು, ಒಳಮೈಯ ನೂರಕ್ಕೆ 95 ಪಾಲನ್ನು ಮುಚ್ಚಿವೆ. ಇವುಗಳ ಆಚೆಗೇ ರಕ್ತ. ಒಂದು ಮಿಲಿಮೀಟರನ್ನು ಎರಡು ಸಾವಿರ ಪಾಲು ಮಾಡಿದರೆ ಒಂದು ಪಾಲೆಷ್ಟೋ, ಗಾಳಿಗೂ ರಕ್ತಕ್ಕೂ ನಡುವಣ ಗೋಡೆ ಸುಮಾರು ಅಷ್ಟೇ ದಪ್ಪ. ಅದನ್ನು ದಾಟಿ ಆಮ್ಲಜನಕ ಒಳಕ್ಕೂ, ಇಂಗಾಲದ ಡೈಆಕ್ಸೈಡ್ ಹೊರಕ್ಕೂ ಹಾಯುತ್ತವೆ. ಕೆಂಪು ರಕ್ತಕಣಕ್ಕೆ ಈ ಅಂಗಡಿಯ ಮುಂದೆ ನಿಲ್ಲಲು ಸಿಗುವ ಕಾಲ ಒಂದು ಸೆಕೆಂಡಿಗೂ ಕಡಿಮೆ; ವ್ಯಾಪಾರ ಅಷ್ಟರಲ್ಲಿಯೇ ಮುಗಿದಿರುತ್ತದೆ.

ಎರಡನೆಯ ತರದವು ಗುಂಡಗಿನ ಕಣಗಳು. ಗೂಡಿನ ಒಳಮೈ ಒದ್ದೆಯಾದುದರಿಂದ, ನೀರಿನ ಎಳೆತಕ್ಕೆ ಸಿಕ್ಕಿ ಗೂಡು ಕುಸಿಯಬೇಕಾದುದು ಸಹಜ. ಹಾಗಾಗದಂತೆ ಈ ಕಣಗಳು ಸೋಪಿನ ಗುಣವುಳ್ಳ ಒಂದು ಜಿಡ್ಡನ್ನು ಸವರುತ್ತವೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಉಸಿರಿಗಾಗಿ ಒದ್ದಾಡುವುದು ಈ ಜಿಡ್ಡಿನ ಕೊರತೆಯಿಂದ ಎಂದು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದರು. 1963ರಲ್ಲಿ ಅಧ್ಯಕ್ಷ ಕೆನಡಿಯವರ ಮಗು ಎರಡೇ ದಿನ ಬದುಕಿ ತೀರಿಕೊಂಡದ್ದು ಇದೇ ತೊಂದರೆಯಿಂದ. ಇಂದು ಆ ಜಿಡ್ಡನ್ನು ಔಷಧಿಯಾಗಿ ಕೂಸಿನ ಶ್ವಾಸನಾಳಕ್ಕೆ ಹನಿಸುತ್ತಾರೆ.

ಗೂಡುಗಳಲ್ಲಿ ಗಸ್ತು ತಿರುಗುವ ಇನ್ನೊಬ್ಬರಿದ್ದಾರೆ: ಭಕ್ಷಕ ಕಣಗಳು. ಲೋಮಗಳನ್ನು ತಪ್ಪಿಸಿಕೊಂಡು ಬಂದ ಧೂಳನ್ನೂ ರೋಗಾಣುವನ್ನೂ ಇವು ನುಂಗುತ್ತವೆ. ಆದರೆ 1882ರಲ್ಲಿ ರಾಬರ್ಟ್ ಕಾಖ್ ಕಂಡುಹಿಡಿದ ಕ್ಷಯದ ರೋಗಾಣು ಇವುಗಳ ಹೊಟ್ಟೆಯಲ್ಲಿ ಅರಗದೆ, ಅಲ್ಲಿಯೇ ಬಿಡಾರ ಹೂಡಬಲ್ಲುದು. ಕಾವಲುಗಾರನ ಮನೆಯಲ್ಲಿಯೇ ಕಳ್ಳ ಅಡಗಿದಂತೆ! ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಈ ಕಳ್ಳನನ್ನು ಹಳ್ಳಿಹಳ್ಳಿಯಲ್ಲಿ ಹಿಡಿಯುವ ಕಾರ್ಯಕ್ರಮಕ್ಕೆ ದೇಶಕ್ಕೇ ದಾರಿ ತೋರಿತು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬ ಮಾತನ್ನು ನಾವಾರೂ ಮರೆಯಬಾರದು.

ಈಗ ನನ್ನ ಕಾರಣಕ್ಕೆ ಬರುತ್ತೇನೆ. ಹೊಳೆನರಸೀಪುರದ ಕಡೆಯ ಹಳ್ಳಿಯಲ್ಲಿರುವ ನಮ್ಮ ಅಜ್ಜಿಗೆ ವರ್ಷಗಳಿಂದ ಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ದಮ್ಮು. ಕ್ಷಯವೇ ಇರಬೇಕೆಂದು ಹೆದರಿ ಪರೀಕ್ಷೆ ಮಾಡಿಸಿದೆವು, ಅದಾಗಿರಲಿಲ್ಲ. ವೈದ್ಯರು, “ಇವರು ಎಷ್ಟು ವರ್ಷ ಬೀಡಿ ಸೇದಿದ್ದಾರೆ?” ಎಂದು ಕೇಳಿದಾಗ ನಾವು ನಕ್ಕೆವು. ಅವರು ನಗಲಿಲ್ಲ. “ಹಾಗಾದರೆ ಒಲೆ?” ಎಂದರು. ಹೊಗೆಗಂಡಿಯಿಲ್ಲದ ಅಡಿಗೆಮನೆಯಲ್ಲಿ ಐವತ್ತು ವರ್ಷ ಊದುಗೊಳವೆ ಹಿಡಿದ ಜೀವ ಅದು.

ಹೊಗೆ ಬೀಡಿಯದಾದರೇನು, ಸೌದೆಯದಾದರೇನು, ಅಂಗಾಂಶಕ್ಕೆ ಭೇದವಿಲ್ಲ. ಮೊದಲು ಲೋಮಗಳು ಮಂಕಾಗುತ್ತವೆ. ಹೂಜಿ ಕಣಗಳು ಹೆಚ್ಚಿ ಲೋಳೆ ಸುರಿಸುತ್ತವೆ. ಗುಡಿಸುವವರಿಲ್ಲದೆ ಕಸ ಬೆಳೆದು, ಕೆಮ್ಮೊಂದೇ ಉಪಾಯವಾಗುತ್ತದೆ. ಬಳಿಕ ಲೋಮಕಣಗಳ ಜಾಗದಲ್ಲಿ ಚಪ್ಪಟೆಯಾದ ಒರಟು ಕಣಗಳು ಬೆಳೆಯಬಹುದು. ಕೆಲವರಲ್ಲಿ ಅದು ಮುಂದೆ ಕ್ಯಾನ್ಸರಿಗೆ ಹಾದಿ. ಕೊನೆಗೆ ಗಾಳಿಗೂಡುಗಳ ಗೋಡೆ ಹರಿದು ಹತ್ತು ಗೂಡು ಒಂದಾಗುತ್ತದೆ. ತರಗತಿಯಷ್ಟಿದ್ದ ಪೊರೆ ಕುಗ್ಗುತ್ತ ಹೋಗುತ್ತದೆ. ಹೊಗೆ ನಿಂತರೆ ಲೋಮಗಳು ಕೆಲವು ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತವೆ; ಹರಿದ ಗೋಡೆ ಮಾತ್ರ ಮರಳಿ ಏಳದು.

ನಮ್ಮ ಅರಕಲಗೂಡು ಸೀಮೆ ಹೊಗೆಸೊಪ್ಪಿನ ಸೀಮೆ. ರಾಮನಾಥಪುರದ ಹರಾಜುಕಟ್ಟೆಯ ಬೆಲೆಯ ಮೇಲೆ ಎಷ್ಟೋ ಸಹಪಾಠಿಗಳ ಕಾಲೇಜಿನ ಫೀಸು ನಿಂತಿದೆ. ಬೆಳೆಯುವ ರೈತನನ್ನು ಜರೆಯುವುದು ಸುಲಭ. ಬೇರೆ ದಾರಿ ತೋರುವುದು ಕಷ್ಟ. ಆದರೆ ಸೇದುವುದು ಬಿಡುವುದು ನಮ್ಮ ಕೈಯಲ್ಲಿದೆ. ಒಲೆಯ ಮಾತೂ ಹಾಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಆಸ್ತ್ರ ವಿಭಾಗದವರು ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿದರು. ಈಗ ಅನಿಲವೂ ಬಂದಿದೆ. ಆದರೂ ಬಚ್ಚಲೊಲೆ ಇನ್ನೂ ಎಷ್ಟೋ ಮನೆಗಳಲ್ಲಿ ಹೊಗೆಯಾಡುತ್ತಿದೆ.

ನಮ್ಮ ಮನೆಯಲ್ಲಿ ಬಚ್ಚಲೊಲೆಗೂ ಹೊಗೆಕೊಳವೆ ಹಾಕಿಸಿ ಒಂದು ವರ್ಷವಾಯಿತು. ಅಮ್ಮನ ಬೆಳಗಿನ ಕೆಮ್ಮು ನಿಂತಿದೆ. ಅಜ್ಜಿಯ ದಮ್ಮು ನಿಂತಿಲ್ಲ. ನಿಲ್ಲುವುದೂ ಇಲ್ಲವೆಂದು ಈಗ ಬಲ್ಲೆ. ಐವತ್ತು ವರ್ಷ ಮೊದಲೇ ಯಾರಾದರೂ ಆ ಗೋಡೆಗೆ ಒಂದು ಕಂಡಿ ಕೊರೆಸಿದ್ದರೆ ಅವಳೂ ನಮ್ಮೊಡನೆ ವಿಂಧ್ಯಗಿರಿಯನ್ನು ಹತ್ತುತ್ತಿದ್ದಳೋ ಏನೋ. ಈ ರಜೆಯಲ್ಲಿ ಊರಿಗೆ ಹೋಗುವ ಗೆಳೆಯರು ತಮ್ಮ ತಮ್ಮ ಅಡಿಗೆಮನೆಯ ಸೂರನ್ನೊಮ್ಮೆ ತಲೆಯೆತ್ತಿ ನೋಡಬೇಕೆಂದು ಬೇಡುತ್ತೇನೆ. ಅಲ್ಲಿ ಕಟ್ಟಿದ ಮಸಿ, ಸೂರಿನಲ್ಲಿ ಮಾತ್ರ ಕಟ್ಟಿರುವುದಿಲ್ಲ.